ಎಡೆದೊರೆ ನಾಡಿನ ಮನೆಯಲ್ಲಿ ಸೀಗಡಿ

ಉತ್ತರದಲ್ಲಿ ಕೃಷ್ಣೆಯೂ ದಕ್ಷಿಣದಲ್ಲಿ ತುಂಗಭದ್ರೆಯೂ ಹರಿಯುವುದರಿಂದ ರಾಯಚೂರು ಸೀಮೆಗೆ ನಮ್ಮ ಪ್ರಾಚೀನರು ಎಡೆದೊರೆ ನಾಡೆಂದು ಹೆಸರಿಟ್ಟರು. ಎರಡು ಮಹಾನದಿಗಳ ಮಡಿಲಲ್ಲಿದ್ದರೂ ಇಲ್ಲಿನ ಗೃಹಸ್ಥರಿಗೆ ನೀರು ಚಿಂತೆಯ ವಸ್ತುವಾಗಿಯೇ ಉಳಿದಿದೆ. ನಲ್ಲಿಯ ನೀರಿನ ಗುಣ ಒಂದಾದರೆ ಬೋರಿನ ನೀರಿನದು ಬೇರೊಂದು, ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವ ನೀರಿನದು ಮತ್ತೊಂದು. ಯಾವುದರಿಂದ ಬೇಳೆ ಬೇಯುತ್ತದೆ, ಯಾವುದರಲ್ಲಿ ಸಾಬೂನು ನೊರೆಗಟ್ಟುವುದಿಲ್ಲ ಎಂಬುದನ್ನು ದೇವದುರ್ಗದ, ಮಾನ್ವಿಯ ಗೃಹಿಣಿಯರು ಯಾವ ಪ್ರಯೋಗಶಾಲೆಯ ನೆರವೂ ಇಲ್ಲದೆ ಬಲ್ಲರು. ನೀರಿನ ಭೇದವನ್ನು ಹೀಗೆ ನಿತ್ಯಾನುಭವದಿಂದ ಅರಿತವರಿಗೆ ಸಿಹಿನೀರಿನ ಸೀಗಡಿಯನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ವಿದ್ಯೆ ತೀರ ಅಪರಿಚಿತವೆನಿಸಲಾರದು. ಏಕೆಂದರೆ ಸೀಗಡಿಯನ್ನು ಸಾಕುವವನು ಮೊದಲು ನೀರನ್ನು ಸಾಕಬೇಕು.

ಸೀಗಡಿಗಳೆಲ್ಲವೂ ಮನೆಯ ತೊಟ್ಟಿಗೆ ಯೋಗ್ಯವಲ್ಲ. ಕೃಷ್ಣಾ ನದಿಯಲ್ಲಿ ದೊರೆಯುವ, ನೀಳವಾದ ಇಕ್ಕುಳಗಳುಳ್ಳ ಮ್ಯಾಕ್ರೋಬ್ರಾಕಿಯಮ್ ಕುಲದ ದೊಡ್ಡ ಸೀಗಡಿಗಳು ಸ್ವಭಾವತಃ ಕಲಹಪ್ರಿಯವಾದವು. ಅವುಗಳಲ್ಲಿ ಮಾಲ್ಕಮ್ಸೋನಿ ಎಂಬ ಜಾತಿಯ ಮರಿಗಳಾದರೋ ಅಳಿವೆಯ ಉಪ್ಪು ಬೆರೆತ ನೀರಿಲ್ಲದೆ ಬೆಳೆಯಲಾರವು. ಆರಂಭಿಸುವವರಿಗೆ ಉಚಿತವಾದುದು ಅಂಗಡಿಗಳಲ್ಲಿ ಚೆರ್ರಿ ಸೀಗಡಿಯೆಂದು ಮಾರುವ ನಿಯೋಕ್ಯಾರಿಡಿನಾ ಡೇವಿಡಿ. ಚೀನಾ ಮತ್ತು ತೈವಾನ್‌ಗಳ ತೊರೆಗಳಲ್ಲಿ ಮಸುಕು ಕಂದುಬಣ್ಣದ್ದಾಗಿದ್ದ ಈ ಜೀವಿ, ತಲೆಮಾರುಗಳ ಆಯ್ಕೆಯ ಫಲವಾಗಿ ದಾಳಿಂಬೆಯ ಕಾಳಿನಂತಹ ಕೆಂಪನ್ನು ಪಡೆದಿದೆ. ಎರಡು ಮೂರು ಸೆಂಟಿಮೀಟರಿಗಿಂತ ದೊಡ್ಡದಾಗದು. ಆಯುಸ್ಸು ಒಂದೆರಡು ವರ್ಷ ಮಾತ್ರ.

ಇಪ್ಪತ್ತು ಲೀಟರು ಹಿಡಿಯುವ ತೊಟ್ಟಿ, ತಳದಲ್ಲಿ ಸಣ್ಣ ಮರಳು, ಒಂದು ಹಿಡಿ ಜಾವಾ ಪಾಚಿ, ಗಾಳಿಯ ಪಂಪಿನಿಂದ ನಡೆಯುವ ಸ್ಪಂಜಿನ ಶೋಧಕ: ಸಾಮಗ್ರಿ ಇಷ್ಟೇ. ಆದರೆ ತೊಟ್ಟಿಯನ್ನು ತುಂಬಿಸಿದ ದಿನವೇ ಸೀಗಡಿಯನ್ನು ತಂದು ಬಿಡುವ ಆತುರ ಸಲ್ಲದು. ಜೀವಿಗಳ ಮಲದಿಂದಲೂ ಕೊಳೆತ ಆಹಾರದಿಂದಲೂ ಹುಟ್ಟುವ ಅಮೋನಿಯಾ ಅವುಗಳಿಗೆ ವಿಷ. ಸ್ಪಂಜಿನಲ್ಲಿಯೂ ಮರಳಿನಲ್ಲಿಯೂ ನೆಲೆಗೊಳ್ಳುವ ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ಅಷ್ಟೇನೂ ಅಪಾಯಕರವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಅದೃಶ್ಯ ಸೇವಕವರ್ಗ ಬೆಳೆದು ನಿಲ್ಲುವುದಕ್ಕೆ ನಾಲ್ಕರಿಂದ ಆರು ವಾರಗಳು ಬೇಕು. ಆ ಅವಧಿಯಲ್ಲಿ ಚಿಟಿಕೆಯಷ್ಟು ಮೀನಿನ ಆಹಾರವನ್ನು ಹಾಕುತ್ತ ಬಂದರೆ ಬ್ಯಾಕ್ಟೀರಿಯಗಳಿಗೆ ಗ್ರಾಸವಾಗುತ್ತದೆ. ಗಾಜಿನ ಮೇಲೆ ಹಸಿರು ಲೇಪವೂ ಹತ್ತುತ್ತದೆ. ಆ ಲೇಪವನ್ನು ತಿಕ್ಕಿ ತೆಗೆಯಬಾರದು. ಸೀಗಡಿಗೆ ಅದೇ ಮೃಷ್ಟಾನ್ನ.

ಇನ್ನು ನೀರಿನ ಸಂಗತಿ. ನಮ್ಮ ಕಡೆಯ ಬಹುಪಾಲು ಬೋರುಗಳ ನೀರು ಗಡುಸು, ಕೆಲವೆಡೆ ಸವಳು. ಘಟಕದ ನೀರಿನಲ್ಲಾದರೋ ಲವಣಗಳು ಬಹುಮಟ್ಟಿಗೆ ಹೋಗಿಬಿಟ್ಟಿರುತ್ತವೆ. ಸೀಗಡಿಗೆ ಎರಡೂ ಒಗ್ಗವು. ಕೈಟಿನ್ ಮತ್ತು ಸುಣ್ಣದ ಅಂಶಗಳಿಂದಾದ ತನ್ನ ಕವಚವನ್ನು ಅದು ಆಗಾಗ ಕಳಚಿ ಹೊಸದನ್ನು ಧರಿಸಬೇಕಾಗಿರುವುದರಿಂದ, ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಪೊರೆ ಬಿಡುವ ಹೊತ್ತಿನಲ್ಲಿಯೇ ಸಾಯುತ್ತದೆ. ಆದಕಾರಣ ಈ ಎರಡನ್ನೂ ಬೆರೆಸುವುದೇ ಯುಕ್ತ. ಕುಡಿಯುವ ನೀರನ್ನು ಪರೀಕ್ಷಿಸುವ ಟಿಡಿಎಸ್ ಮೀಟರನ್ನು ಅದ್ದಿ ನೋಡಿ, ಲೀಟರಿಗೆ 150ರಿಂದ 300 ಮಿಲಿಗ್ರಾಂ ತೋರುವಂತೆ ಹದಮಾಡಿಕೊಳ್ಳಬಹುದು. ನಲ್ಲಿಯ ನೀರಿಗೆ ಕ್ಲೋರಿನ್ ಬೆರೆಸಿದ್ದರೆ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಡಬೇಕು. ಆ ಪಾತ್ರೆ ಮಾತ್ರ ತಾಮ್ರದ್ದಾಗಿರಕೂಡದು. ಸೀಗಡಿಯ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಸಯನಿನ್ ತಾಮ್ರವನ್ನು ಒಳಗೊಂಡುದೇ ಆದರೂ, ನೀರಿನಲ್ಲಿ ಕರಗಿದ ತಾಮ್ರ ತುಸು ಹೆಚ್ಚಾದರೂ ಅದರ ಕಿವಿರುಗಳು ಕೆಡುತ್ತವೆ. ನಮಗೆ ಆರೋಗ್ಯಕರವೆಂದು ಹಂಡೆಯಲ್ಲಿ ತುಂಬಿಟ್ಟ ನೀರು ಅದಕ್ಕೆ ಮೃತ್ಯುವಾದೀತು. ಮಾನ್ವಿಯ ಗದ್ದೆಗಳ ಬದಿಯ ಕಾಲುವೆ ನೀರೂ ಬೇಡ. ಕೀಟವೂ ಸೀಗಡಿಯೂ ಸಂಧಿಪದಿಗಳೆಂಬ ಒಂದೇ ವಂಶದವಾದುದರಿಂದ ಭತ್ತದ ಹುಳುವನ್ನು ಕೊಲ್ಲುವ ಔಷಧ ಇದನ್ನೂ ಕೊಲ್ಲುತ್ತದೆ. ಮನೆಯೊಳಗೆ ಸೊಳ್ಳೆಗೆ ಹೊಡೆಯುವ ಸ್ಪ್ರೇಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು.

ನಮ್ಮ ಊರಿನಲ್ಲಿ ನಿಜವಾದ ಪರೀಕ್ಷೆ ಬೇಸಗೆಯದು. ಹೊರಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮೀರುವ ವೈಶಾಖದಲ್ಲಿ, 22ರಿಂದ 26 ಡಿಗ್ರಿಯಲ್ಲಿ ಸುಖವಾಗಿರುವ ಜೀವಿಯನ್ನು ಕಾಪಾಡುವುದು ಹೇಗೆ? ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದಿಡಬಲ್ಲ ನೀರು 30 ಡಿಗ್ರಿಯಲ್ಲಿ ಏಳೂವರೆಯನ್ನಷ್ಟೇ ಹಿಡಿದೀತು. ಜೀವಿಯ ಉಸಿರಾಟವಾದರೋ ಅದೇ ಹೊತ್ತಿಗೆ ತೀವ್ರವಾಗಿರುತ್ತದೆ. ಆದರೆ ಬಿಸಿಲಿನ ಈ ನಾಡಿಗೆ ಒಂದು ಅನುಕೂಲವುಂಟು. ಇಲ್ಲಿನ ಸೆಕೆ ಒಣಸೆಕೆ. ಮಣ್ಣಿನ ಗಡಿಗೆಯ ನೀರನ್ನು ತಂಪಾಗಿಡುವ ಬಾಷ್ಪೀಭವನವೇ ತೊಟ್ಟಿಗೂ ನೆರವಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಆ ಲೆಕ್ಕದಂತೆ 20 ಲೀಟರಿನ ತೊಟ್ಟಿಯಿಂದ 100 ಗ್ರಾಂ ನೀರು ಆರಿಹೋದರೆ, ಹೊರಗಿನ ಶಾಖ ಒಳಬರದ ಪಕ್ಷದಲ್ಲಿ, ಉಳಿದ ನೀರು ಸುಮಾರು 3 ಡಿಗ್ರಿಯಷ್ಟು ತಣಿಯಬೇಕು. ಮುಚ್ಚಳವನ್ನು ತೆಗೆದು ಜಾಳಿಗೆಯನ್ನು ಹೊದಿಸಿ, ನೀರಿನ ಮೇಲೆ ಹಾಯುವಂತೆ ಚಿಕ್ಕ ಫ್ಯಾನನ್ನು ಇಟ್ಟರೆ, ಕರಾವಳಿಯ ತೇವದ ಗಾಳಿಯಲ್ಲಿ ದೊರೆಯದ ಫಲ ರಾಯಚೂರಿನಲ್ಲಿ ದೊರೆಯುತ್ತದೆ. ಆರಿಹೋದ ನೀರು ಲವಣಗಳನ್ನು ಹಿಂದೆಯೇ ಬಿಟ್ಟುಹೋಗುವುದರಿಂದ, ಆ ಕೊರತೆಯನ್ನು ಘಟಕದ ನೀರಿನಿಂದಲೇ ತುಂಬಬೇಕು, ಬೋರಿನ ನೀರಿನಿಂದಲ್ಲ. ತೊಟ್ಟಿಗೆ ಮನೆಯ ನಡುಗೋಣೆಯ ನೆಲವೇ ಪ್ರಶಸ್ತ ಸ್ಥಳ. ಮೊದಲ ಸಾಕಣೆಯನ್ನು ದೀಪಾವಳಿಯ ಅನಂತರ ಆರಂಭಿಸಿದರೆ, ಬೇಸಗೆ ಬರುವಷ್ಟರಲ್ಲಿ ತೊಟ್ಟಿಯೂ ಸಾಕುವವರೂ ಪಕ್ವವಾಗಿರುತ್ತಾರೆ.

ಹತ್ತು ಸೀಗಡಿಗಳನ್ನು ತಂದು, ತೊಟ್ಟಿಯ ನೀರನ್ನು ಅವುಗಳ ನೀರಿಗೆ ಒಂದು ಗಂಟೆಯ ಕಾಲ ಹನಿಹನಿಯಾಗಿ ಬೆರೆಸಿ, ಬಳಿಕ ಬಿಡಬೇಕು. ಕೆಲವು ದಿನಗಳಲ್ಲಿ ತಳದ ಮೇಲೆ ಸೀಗಡಿಯ ಆಕಾರದ ಬಿಳಿಯ ಪೊರೆಯೊಂದು ಕಂಡರೆ ಗಾಬರಿ ಬೇಡ. ಅದು ಶವವಲ್ಲ, ಕಳಚಿದ ಅಂಗಿ. ಅದನ್ನು ಅಲ್ಲಿಯೇ ಬಿಟ್ಟರೆ ಅವೇ ಮೆದ್ದು ಅದರ ಸುಣ್ಣವನ್ನು ಮರಳಿ ಪಡೆಯುತ್ತವೆ. ಹೆಣ್ಣಿನ ಬೆನ್ನಿನಲ್ಲಿ, ತಲೆಯ ಹಿಂದೆ, ಹಳದಿಯ ಜೀನಿನಂತೆ ತೋರುವುದು ಅಂಡಾಶಯ. ಪೊರೆ ಬಿಟ್ಟೊಡನೆ ಅದು ಗಂಡಿನೊಡನೆ ಕೂಡಿ, ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಹೊಟ್ಟೆಯ ಕೆಳಗಿನ ಈಜುಕಾಲುಗಳಿಗೆ ಅಂಟಿಸಿಕೊಂಡು, ಮೂರು ನಾಲ್ಕು ವಾರ ಅವುಗಳಿಗೆ ಹಗಲಿರುಳೂ ಗಾಳಿ ಬೀಸುತ್ತದೆ. ಹೊರಬರುವ ಮರಿಗಳು ತಾಯಿಯ ಪ್ರತಿರೂಪವೇ. ಅವಕ್ಕೆ ಅಳಿವೆಯೂ ಬೇಡ, ಸಮುದ್ರವೂ ಬೇಡ. ಮನೆಯ ಮಕ್ಕಳನ್ನು ಕರೆದು ಒಂದು ಮಸೂರದೊಡನೆ ತೊಟ್ಟಿಯ ಮುಂದೆ ಕೂರಿಸಬೇಕಾದ ಹೊತ್ತು ಇದು.

ಇಷ್ಟು ಸುಲಭವಾಗಿ ವೃದ್ಧಿಯಾಗುವ ಜೀವಿಯ ವಿಷಯದಲ್ಲಿ ಓದುಗರಲ್ಲಿ ಒಂದು ವಿನಂತಿಯುಂಟು. ಜರ್ಮನಿಯಲ್ಲಿ ವಿದ್ಯುತ್ ಸ್ಥಾವರದ ಬಿಸಿನೀರು ಸೇರುವ ಗಿಲ್‌ಬಾಖ್ ಎಂಬ ಹಳ್ಳದಲ್ಲಿ ಇದೇ ಚೆರ್ರಿ ಸೀಗಡಿ ನೆಲೆಯೂರಿರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ನಮ್ಮ ಹೊಳೆಗಳು ಬೆಚ್ಚಗಿರುವುದಕ್ಕೆ ಯಾವ ಸ್ಥಾವರದ ನೆರವೂ ಬೇಕಿಲ್ಲ. ತೊಟ್ಟಿಯಲ್ಲಿ ಹೆಚ್ಚಾದ ಸೀಗಡಿಗಳನ್ನು ನೆರೆಯವರಿಗೆ ಕೊಡಿ, ಅಂಗಡಿಗೆ ಮರಳಿಸಿ; ಕೃಷ್ಣೆಗಾಗಲಿ, ತುಂಗಭದ್ರೆಯ ಕಾಲುವೆಗಾಗಲಿ, ಊರ ಕೆರೆಗಾಗಲಿ ಒಂದನ್ನೂ ಬಿಡಬೇಡಿ.