ಅವಳಿ ಮಕ್ಕಳ ಬಸಿರು

ಅವಳಿ ಮಕ್ಕಳನ್ನು ಕಂಡಾಗ ನಮ್ಮ ಕುತೂಹಲವು ಮೊದಲು ಹರಿಯುವುದು ಅವರ ಮುಖಗಳ ಕಡೆಗೆ. ಇಬ್ಬರೂ ಒಂದೇ ತೆರನಾಗಿರುವರೋ, ಬೇರೆ ಬೇರೆಯಾಗಿರುವರೋ ಎಂದು ಹೋಲಿಸಿ ನೋಡುತ್ತೇವೆ. ಪ್ರಸೂತಿವೈದ್ಯರ ಕುತೂಹಲವಾದರೋ ಬೇರೆಯದು. ಮಕ್ಕಳಿನ್ನೂ ಗರ್ಭದಲ್ಲಿರುವಾಗಲೇ ಅವರು ತಿಳಿಯಬಯಸುವುದು ಇದನ್ನು: ಇವರಿಬ್ಬರಿಗೆ ಮಾಸು ಒಂದೋ, ಎರಡೋ? ಈ ಪ್ರಶ್ನೆಯ ಉತ್ತರದ ಮೇಲೆ ಎರಡು ಜೀವಗಳ ಅಳಿವು ಉಳಿವು ನಿಂತಿರುವುದುಂಟು. ಅದು ಹೇಗೆಂಬುದನ್ನು ವಿಚಾರಿಸೋಣ.

ಅವಳಿಗಳಲ್ಲಿ ಎರಡು ಬಗೆ. ತಾಯಿಯ ಅಂಡಾಶಯದಿಂದ ಒಂದೇ ಸಲಕ್ಕೆ ಎರಡು ಅಂಡಗಳು ಹೊರಬಿದ್ದು, ಒಂದೊಂದೂ ಬೇರೆ ಬೇರೆ ವೀರ್ಯಾಣುವಿನೊಡನೆ ಕೂಡಿದರೆ ದ್ವಿಅಂಡಜ ಅವಳಿಗಳು ಹುಟ್ಟುತ್ತಾರೆ. ಇವರಲ್ಲಿರುವ ಹೋಲಿಕೆ ಸಾಮಾನ್ಯ ಒಡಹುಟ್ಟಿದವರಲ್ಲಿರುವಷ್ಟೇ. ಸಾಮಾನ್ಯವಾಗಿ ಒಬ್ಬೊಬ್ಬರಿಗೂ ಪ್ರತ್ಯೇಕ ಮಾಸು ಇರುತ್ತದೆ. ಇನ್ನೊಂದು ಬಗೆಯಲ್ಲಿ, ಫಲಿತವಾದ ಒಂದೇ ಅಂಡವು ಎರಡಾಗಿ ಒಡೆದು ಬೆಳೆಯುತ್ತದೆ. ಇವರೇ ಏಕಾಂಡಜ ಅವಳಿಗಳು.

ಏಕಾಂಡಜಗಳಲ್ಲಿ ಅಂಡವು ಎಷ್ಟನೆಯ ದಿನ ಒಡೆಯಿತೆಂಬುದು ಬಹು ಮುಖ್ಯ. ಮೊದಲ ಮೂರು ದಿನಗಳೊಳಗೆ ಒಡೆದರೆ ಪ್ರತಿಯೊಂದು ಶಿಶುವಿಗೂ ತನ್ನದೇ ಮಾಸು, ತನ್ನದೇ ನೀರಿನ ಚೀಲ ದೊರೆಯುತ್ತವೆ. ಸುಮಾರು ನಾಲ್ಕರಿಂದ ಎಂಟು ದಿನಗಳ ನಡುವೆ ಒಡೆದರೆ ಚೀಲಗಳು ಎರಡಾದರೂ ಮಾಸು ಒಂದೇ. ಇನ್ನೂ ತಡವಾದರೆ ಚೀಲವೂ ಒಂದೇ ಆಗುತ್ತದೆ. ೧೩ನೆಯ ದಿನವನ್ನೂ ದಾಟಿದರೆ ದೇಹಗಳು ಪೂರ್ಣವಾಗಿ ಬೇರ್ಪಡದೆ, ಸಯಾಮಿ ಅವಳಿಗಳು ಹುಟ್ಟುವ ಸಂಭವವುಂಟು. ಏಕಾಂಡಜ ಅವಳಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಒಂದೇ ಮಾಸನ್ನು ಹಂಚಿಕೊಂಡವರು.

ಮಾಸು ಗರ್ಭಕೋಶದ ಗೋಡೆಗೆ ಅಂಟಿಕೊಂಡು, ತಾಯಿಯ ರಕ್ತದಿಂದ ಆಹಾರವನ್ನೂ ಆಮ್ಲಜನಕವನ್ನೂ ಪಡೆದು ಹೊಕ್ಕುಳಬಳ್ಳಿಯ ಮೂಲಕ ಶಿಶುವಿಗೆ ಕಳುಹಿಸುವ ಅಂಗ. ಒಂದೇ ಮಾಸಿನಲ್ಲಿ ಎರಡು ಬಳ್ಳಿಗಳು ಬೇರೂರಿದಾಗ, ಅವುಗಳ ರಕ್ತನಾಳಗಳು ಅಲ್ಲಲ್ಲಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅಕ್ಕಪಕ್ಕದ ಎರಡು ಗದ್ದೆಗಳಿಗೆ ಒಂದೇ ಕೆರೆಯ ನೀರು ಬರುತ್ತಿದೆಯೆಂದು ಭಾವಿಸೋಣ. ನಡುವಣ ಬದುವಿನಲ್ಲಿರುವ ಗಂಡಿಯಿಂದ ನೀರು ಅತ್ತಿತ್ತ ಸಮನಾಗಿ ಹರಿದರೆ ತೊಂದರೆಯಿಲ್ಲ. ಒಂದೇ ಕಡೆಗೆ ಹರಿಯತೊಡಗಿದರೆ? ಒಂದು ಗದ್ದೆ ಒಣಗುತ್ತದೆ, ಇನ್ನೊಂದು ಕೊಳೆಯುತ್ತದೆ.

ಒಂದೇ ಮಾಸಿನ ಬಸಿರುಗಳಲ್ಲಿ ನೂರಕ್ಕೆ ೧೦ರಿಂದ ೧೫ರಲ್ಲಿ ಹೀಗೆಯೇ ಆಗುತ್ತದೆ. ರಕ್ತವನ್ನು ಕೊಡುವ ಶಿಶು ಸೊರಗುತ್ತದೆ. ಅದರ ಮೂತ್ರವು ಕಡಮೆಯಾಗಿ ಸುತ್ತಲಿನ ಗರ್ಭಜಲವೂ ಬತ್ತುತ್ತದೆ. ಪಡೆಯುವ ಶಿಶುವಿನ ಹೃದಯವು ಹೆಚ್ಚಿನ ರಕ್ತದ ಭಾರದಿಂದ ದಣಿಯುತ್ತದೆ. ಅದರ ಚೀಲದಲ್ಲಿ ನೀರು ಮಿತಿಮೀರುತ್ತದೆ. ತೀವ್ರವಾದ ಸಂದರ್ಭಗಳಲ್ಲಿ ಚಿಕಿತ್ಸೆಯಿಲ್ಲದಿದ್ದರೆ ಬಹುಮಟ್ಟಿಗೆ ಎರಡು ಶಿಶುಗಳೂ ಉಳಿಯುವುದಿಲ್ಲ. ಹಿಂದೆ ವೈದ್ಯರು ಹೆಚ್ಚಾದ ನೀರನ್ನು ಸೂಜಿಯಿಂದ ಹೊರತೆಗೆಯುತ್ತಿದ್ದರು. ಆದರೆ ಗಂಡಿ ಹಾಗೆಯೇ ಉಳಿಯುತ್ತಿತ್ತು. ಅಮೆರಿಕದ ಜೂಲಿಯನ್ ಡಿ ಲಿಯಾ ಮತ್ತು ಸಂಗಡಿಗರು ಗರ್ಭಕೋಶದೊಳಕ್ಕೆ ಸಣ್ಣ ದರ್ಶಕನಳಿಗೆಯನ್ನು ತೂರಿಸಿ, ಕೂಡಿಕೊಂಡ ನಾಳಗಳನ್ನು ಲೇಸರ್ ಕಿರಣದಿಂದ ಮುಚ್ಚುವ ವಿಧಾನವನ್ನು ೧೯೯೦ರಲ್ಲಿ ವರದಿ ಮಾಡಿದರು. ೨೦೦೪ರಲ್ಲಿ ಪ್ರಕಟವಾದ ಯೂರೋಪಿನ ಪರೀಕ್ಷೆಯೊಂದರಲ್ಲಿ ಎರಡು ವಿಧಾನಗಳನ್ನೂ ಹೋಲಿಸಲಾಯಿತು. ಕನಿಷ್ಠ ಒಂದು ಶಿಶುವಾದರೂ ೨೮ ದಿನಗಳವರೆಗೆ ಬದುಕಿದ್ದು ಲೇಸರಿನಿಂದ ನೂರಕ್ಕೆ ೭೬ ಬಸಿರುಗಳಲ್ಲಿ, ನೀರು ತೆಗೆಯುವುದರಿಂದ ೫೬ರಲ್ಲಿ.

ಆದರೆ ಚಿಕಿತ್ಸೆಗೆ ಮೊದಲು ರೋಗವು ಕಾಣಬೇಕಷ್ಟೆ. ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ೧೯೫೮ರಲ್ಲಿ ಪ್ರಕಟಿಸಿದ ಶ್ರವಣಾತೀತ ಧ್ವನಿಯ ಚಿತ್ರಗಳೇ ಇಂದು ನಾವು ಸ್ಕ್ಯಾನಿಂಗ್ ಎಂದು ಕರೆಯುವ ಪರೀಕ್ಷೆಗೆ ದಾರಿ ತೋರಿದವು. ಬಸಿರಿನ ೧೧ರಿಂದ ೧೪ನೆಯ ವಾರದೊಳಗೆ ಈ ಚಿತ್ರದಲ್ಲಿ ಚೀಲಗಳ ನಡುವಣ ಪೊರೆಯು ಮಾಸನ್ನು ಸೇರುವ ಜಾಗವನ್ನು ನೋಡುತ್ತಾರೆ. ಅಲ್ಲಿ ಮಾಸು ಬೆಣೆಯಂತೆ ಮೇಲೆದ್ದು ಗ್ರೀಕರ ಲ್ಯಾಮ್ಡಾ ಅಕ್ಷರದಂತೆ ಕಂಡರೆ ಮಾಸುಗಳು ಎರಡು. ತೆಳುವಾದ ಪೊರೆಯು ನೇರವಾಗಿ ನಿಂತು ಇಂಗ್ಲಿಷಿನ ಟಿ ಅಕ್ಷರದಂತೆ ಕಂಡರೆ ಮಾಸು ಒಂದೇ. ಎರಡು ಮಾಸುಗಳು ಅಂಟಿಕೊಂಡು ಒಂದರಂತೆ ತೋರುವುದುಂಟಾದ್ದರಿಂದ ಈ ಗುರುತು ಬಹಳ ಬೆಲೆಯುಳ್ಳದ್ದು. ವಾರಗಳು ಕಳೆದಂತೆ ಅದು ಮಸಕಾಗುವುದರಿಂದ ತಡಮಾಡಬಾರದು.

ಬ್ರಿಟನ್ನಿನಲ್ಲಿ ೨೦೧೧ರಲ್ಲಿ ಹೊರಬಂದು ೨೦೧೯ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಮಾರ್ಗಸೂಚಿಯು ಇಂಥ ತಾಯಂದಿರ ಆರೈಕೆಯನ್ನು ಪ್ರಸೂತಿತಜ್ಞರು, ತರಬೇತಿ ಪಡೆದ ಸೂಲಗಿತ್ತಿಯರು, ಸ್ಕ್ಯಾನಿಂಗ್ ತಜ್ಞರು ಸೇರಿದ ವಿಶೇಷ ತಂಡಕ್ಕೆ ಒಪ್ಪಿಸುತ್ತದೆ. ಒಂದೇ ಮಾಸಿನ ಅವಳಿಗಳನ್ನು ೧೬ನೆಯ ವಾರದಿಂದ ಎರಡು ವಾರಕ್ಕೊಮ್ಮೆ ಪರೀಕ್ಷಿಸುತ್ತಾರೆ. ಎರಡು ಮಾಸುಗಳಿದ್ದರೆ ೨೦ನೆಯ ವಾರದಿಂದ ನಾಲ್ಕು ವಾರಕ್ಕೊಮ್ಮೆ ಸಾಕು. ತಾಯಿಗೂ ಅಪಾಯಗಳುಂಟು. ರಕ್ತಹೀನತೆ, ರಕ್ತದ ಒತ್ತಡದ ಏರಿಕೆ, ಹೆರಿಗೆಯ ನಂತರದ ರಕ್ತಸ್ರಾವ ಇವೆಲ್ಲ ಅವಳಿ ಬಸಿರಿನಲ್ಲಿ ಹೆಚ್ಚು. ಆದುದರಿಂದ ಅವಳ ರಕ್ತವನ್ನೂ ಒತ್ತಡವನ್ನೂ ಆಗಾಗ ನೋಡುವುದು ಅವಶ್ಯ.

ಅವಳಿ ಬಸಿರುಗಳಲ್ಲಿ ನೂರಕ್ಕೆ ಸುಮಾರು ೬೦ರಲ್ಲಿ ೩೭ ವಾರ ತುಂಬುವ ಮೊದಲೇ ಹೆರಿಗೆಯಾಗುತ್ತದೆ. ಹಾಸಿಗೆಯಲ್ಲೇ ಮಲಗಿದ್ದರೆ ಇದನ್ನು ತಡೆಯಬಹುದೆಂಬ ನಂಬಿಕೆ ಪ್ರಚಲಿತವಾಗಿದ್ದರೂ ಪರೀಕ್ಷೆಗಳು ಅದನ್ನು ಸಮರ್ಥಿಸಿಲ್ಲ. ಅಕಾಲದಲ್ಲಿ ಹುಟ್ಟುವ ಶಿಶುವಿನ ಎಳೆಯ ಶ್ವಾಸಕೋಶಗಳೇ ದೊಡ್ಡ ಚಿಂತೆ. ಹೆರಿಗೆಗೆ ಮುನ್ನ ತಾಯಿಗೆ ಸ್ಟಿರಾಯ್ಡ್ ಔಷಧಿಯನ್ನು ಚುಚ್ಚಿದರೆ ಅವು ಬೇಗ ಪಕ್ವವಾಗುವುವೆಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ೧೯೭೨ರಲ್ಲಿ ತೋರಿಸಿಕೊಟ್ಟರು. ಇನ್ನೊಂದು ಕಡೆ, ಅತಿಯಾಗಿ ಕಾಯುವುದೂ ಸಲ್ಲದು. ಕೊನೆಯ ವಾರಗಳಲ್ಲಿ ಗರ್ಭದಲ್ಲೇ ಶಿಶು ಸಾಯುವ ಭಯ ಏರುತ್ತದೆ. ಆದುದರಿಂದ ತೊಡಕಿಲ್ಲದಿದ್ದರೂ ಎರಡು ಮಾಸಿನವರಿಗೆ ೩೭ನೆಯ ವಾರದಲ್ಲಿ, ಒಂದೇ ಮಾಸಿನವರಿಗೆ ೩೬ನೆಯ ವಾರದಲ್ಲಿ, ಮೂರು ಮಕ್ಕಳಿಗೆ ಮೂರು ಮಾಸುಗಳಿದ್ದರೆ ೩೫ನೆಯ ವಾರದಲ್ಲಿ ಹೆರಿಗೆ ಮಾಡಿಸುವುದು ಬ್ರಿಟನ್ನಿನ ಪದ್ಧತಿ. ಒಂದೇ ಚೀಲದಲ್ಲಿರುವ ಅವಳಿಗಳ ಬಳ್ಳಿಗಳು ಹೆಣೆದುಕೊಳ್ಳುವುದರಿಂದ ಅವರಿಗೆ ಇನ್ನೂ ಮುಂಚೆ, ೩೨ರಿಂದ ೩೪ನೆಯ ವಾರದ ನಡುವೆ, ಶಸ್ತ್ರಕ್ರಿಯೆ ನಡೆಯುತ್ತದೆ. ಅವಳಿಗಳೆಂದ ಮಾತ್ರಕ್ಕೆ ಎಲ್ಲರಿಗೂ ಶಸ್ತ್ರಕ್ರಿಯೆ ಬೇಕೆಂದಲ್ಲ. ಮೊದಲ ಶಿಶುವಿನ ತಲೆ ಕೆಳಗಿದ್ದಲ್ಲಿ, ಯೋಜಿತ ಶಸ್ತ್ರಕ್ರಿಯೆಯಿಂದ ಮಕ್ಕಳಿಗೆ ಹೆಚ್ಚಿನ ಲಾಭವಿಲ್ಲವೆಂದು ೨೦೧೩ರಲ್ಲಿ ಪ್ರಕಟವಾದ ದೊಡ್ಡ ಅಂತರರಾಷ್ಟ್ರೀಯ ಪರೀಕ್ಷೆಯು ತಿಳಿಸಿತು.

ನಮ್ಮ ವಾಚಕರಲ್ಲಿ ಅನೇಕರ ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಬಸುರಿಯಾಗಿರಬಹುದು. ಸ್ಕ್ಯಾನಿಂಗಿನಲ್ಲಿ ಅವಳಿಗಳೆಂದು ತಿಳಿದ ದಿನ ಮನೆಯಲ್ಲಿ ಸಂತೋಷವು ಸಹಜವೇ. ಆ ಸಂತೋಷದ ನಡುವೆ, ೧೪ನೆಯ ವಾರವು ಕಳೆಯುವ ಮುನ್ನ, ಮಾಸು ಒಂದೋ ಎರಡೋ ಎಂದು ವೈದ್ಯರನ್ನು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದನ್ನು ಮರೆಯಬಾರದು.