ಮನ್ನಣೆಯಿಲ್ಲದ ರಾಜ್ಯದ ಸ್ಮಾರಕ ನೋಟು

ನಾಣ್ಯಗಳ ಅಭ್ಯಾಸಿಗಳು ಸ್ಮಾರಕ ನೋಟುಗಳನ್ನು ಬಹುಮಟ್ಟಿಗೆ ಸಂಗ್ರಾಹಕರ ಹವ್ಯಾಸಕ್ಕೆ ಬಿಟ್ಟುಕೊಟ್ಟಿದ್ದಾರೆ. ಹೊರಡಿಸಿದ ಸರ್ಕಾರವನ್ನೇ ಅನ್ಯರು ಒಪ್ಪದಿದ್ದ ಪಕ್ಷದಲ್ಲಿ ಅವು ಇನ್ನಷ್ಟು ವಿಚಾರಣೆಗೆ ಅರ್ಹವೆಂದು ನಾವು ಭಾವಿಸುತ್ತೇವೆ.

ಆಫ್ರಿಕದ ಸೊಮಾಲಿಲ್ಯಾಂಡ್ 1991ರ ಮೇ 18ರಂದು ತಾನು ಸೊಮಾಲಿಯದಿಂದ ಬೇರ್ಪಟ್ಟುದಾಗಿ ಸಾರಿ, 1994ರಲ್ಲಿ ತನ್ನದೇ ಷಿಲಿಂಗನ್ನು ಚಲಾವಣೆಗೆ ತಂದಿತು. 1996ರಲ್ಲಿ ಐದನೆಯ ವಾರ್ಷಿಕೋತ್ಸವ ಬಂದಾಗ ಹೊಸ ನೋಟನ್ನು ರೂಪಿಸದೆ, ಇದ್ದ ನೋಟುಗಳ ಮೇಲೆಯೇ ಸ್ವಾತಂತ್ರ್ಯದ ಒಕ್ಕಣೆಯನ್ನೂ ಆ ತಾರೀಖನ್ನೂ ಅಚ್ಚೊತ್ತಿಸಿತು. ಆಗ ಅದಕ್ಕೆ ಯಾವ ರಾಷ್ಟ್ರದ ಮನ್ನಣೆಯೂ ಇರಲಿಲ್ಲ. ರಾಯಭಾರಿ ಹೋಗಲಾಗದ ಕಡೆಗೆ ನೋಟು ಹೋಗಬಲ್ಲುದಷ್ಟೆ.

ಹಳೆಯ ಹಣದ ಮೇಲೆ ಹೊಸ ಗುರುತನ್ನಿಡುವ ಈ ಉಪಾಯ ನಮ್ಮ ಮಲೆನಾಡಿಗೆ ಅಪರಿಚಿತವಲ್ಲ. ಬಾಳಗಡಿಯ ಸುತ್ತಣ ಕೊಪ್ಪ, ಶೃಂಗೇರಿಗಳ ಸೀಮೆ ಕೆಳದಿಯ ಅರಸರದಾಗಿದ್ದಾಗ ಇಕ್ಕೇರಿ ವರಹದ ಒಂದು ಮುಖದಲ್ಲಿ ಶಿವಪಾರ್ವತಿಯರೂ ಇನ್ನೊಂದರಲ್ಲಿ ಸದಾಶಿವನ ಹೆಸರೂ ಇದ್ದುವು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ದೇವತಾಮೂರ್ತಿಗಳನ್ನು ಹಾಗೆಯೇ ಉಳಿಸಿ, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲಕ್ಷರವನ್ನು ಹಾಕಿಸಿದನು. ಇದು ಔದಾರ್ಯವೋ ಜಾಣ್ಮೆಯೋ ಎಂಬ ಚರ್ಚೆ ಬೇಡ. ವರ್ತಕನ ಕಣ್ಣಿಗೆ ಪರಿಚಿತವಾದ ಮುಖವನ್ನು ಕೆಡಿಸಬಾರದೆಂಬ ವಿವೇಕ ಸ್ಪಷ್ಟವಾಗಿದೆ. ಮೇಲಾಗಿ ವರಹ ಚಿನ್ನದ್ದು. ಅರಸು ಅಳಿದರೂ ಅಕ್ಕಸಾಲಿಯ ತಕ್ಕಡಿಯಲ್ಲಿ ಅದಕ್ಕೆ ಬೆಲೆ ಉಂಟು.

ಕಾಗದಕ್ಕೆ ಆ ಆಸರೆಯಿಲ್ಲ. ಹೈದರಾಬಾದಿನ ನಿಜಾಮ ಸರ್ಕಾರ 1918ರಿಂದ ನೋಟುಗಳನ್ನು ಹೊರಡಿಸಿತು. ಅವು ಸ್ಮಾರಕಗಳಲ್ಲ, ದಿನಬಳಕೆಯವು. ಬೀದರ, ಕಲಬುರಗಿ, ರಾಯಚೂರುಗಳ ಜನರ ಸಲುವಾಗಿ ಅವುಗಳ ಮೇಲೆ ಬೆಲೆಯನ್ನು ಕನ್ನಡದಲ್ಲಿಯೂ ಬರೆಯಲಾಗುತ್ತಿತ್ತು. 1947ರಲ್ಲಿ ನಿಜಾಮರು ಸ್ವತಂತ್ರರಾಗಿರಲು ಬಯಸಿದರು. ಭಾರತದೊಡನೆ ಯಥಾಸ್ಥಿತಿ ಒಪ್ಪಂದವಾದ ಮೇಲೆಯೂ ಅವರ ಸರ್ಕಾರ ಭಾರತದ ಹಣ ತನ್ನಲ್ಲಿ ಕಾನೂನುಬದ್ಧವಲ್ಲವೆಂದು ಆಜ್ಞೆ ಹೊರಡಿಸಿತು. ಸಾರ್ವಭೌಮತ್ವದ ಜಗಳ ಹೀಗೆ ಸಂತೆಯವರೆಗೂ ಬಂದಿತು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೈದರಾಬಾದನ್ನು ಪ್ರವೇಶಿಸಿತು. ಸರ್ಕಾರ ಹೋಯಿತು, ಅದರ ನೋಟು ರೈತನ ಮನೆಯ ಪೆಟ್ಟಿಗೆಯಲ್ಲಿ ಉಳಿಯಿತು.

ಆ ನೋಟಿನ ವಾಗ್ದಾನವನ್ನು ಇನ್ನು ನಡೆಸುವವರಾರು? ಇಲ್ಲಿ ಭಾರತ ಸರ್ಕಾರವೇ ಹೊಣೆ ಹೊತ್ತಿತು. 1950ರಲ್ಲಿ ಭಾರತದ ರೂಪಾಯಿ ಅಲ್ಲಿ ಜೊತೆಯಾಗಿ ಚಲಾವಣೆಗೆ ಬಂದಾಗ ಏಳು ಹೈದರಾಬಾದಿ ರೂಪಾಯಿಗೆ ಆರು ಭಾರತೀಯ ರೂಪಾಯಿಗಳ ಪ್ರಮಾಣ ನಿಂತಿತು. ಹಳೆಯ ಹಣ ಪೂರ್ಣವಾಗಿ ರದ್ದಾದುದು 1959ರಲ್ಲಿ. ಆ ವೇಳೆಗೆ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿ ಮೂರು ವರ್ಷಗಳಾಗುತ್ತ ಬಂದಿದ್ದುವು.