ಪಾಥೇಯವಿಲ್ಲದ ಪಯಣ

ದೂರ ಪ್ರಯಾಣಕ್ಕೆ ಹೊರಡುವವನು ಬುತ್ತಿಯನ್ನು ಕಟ್ಟಿಕೊಳ್ಳುವುದು ಲೋಕರೂಢಿ. ಆದರೆ ಬುತ್ತಿಯ ಭಾರವೇ ಪ್ರಯಾಣಿಕನ ಭಾರಕ್ಕಿಂತ ಅನೇಕ ಪಟ್ಟು ಮಿಗಿಲಾದರೆ ಗತಿಯೇನು? ರಾಕೆಟ್ಟುಗಳ ಅವಸ್ಥೆ ಇದೇ ಆಗಿದೆ. ಮಾನವನನ್ನು ಚಂದ್ರನೆಡೆಗೆ ಒಯ್ದ ಸ್ಯಾಟರ್ನ್-5 ರಾಕೆಟ್ಟು ನೆಲವನ್ನು ಬಿಡುವಾಗ ಸುಮಾರು 2,900 ಟನ್ ತೂಗುತ್ತಿದ್ದಿತು. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಇಂಧನ ಹಾಗೂ ಅದನ್ನುರಿಸುವ ಆಮ್ಲಜನಕ. ಇಂಧನವನ್ನು ಹೊರುವುದಕ್ಕೂ ಇಂಧನವೇ ಬೇಕೆಂಬುದು ಇಲ್ಲಿಯ ತೊಡಕು. ಶಕ್ತಿಯ ಮೂಲವನ್ನು ಹಿಂದೆಯೇ ಇರಿಸಿ, ಶಕ್ತಿಯನ್ನು ಮಾತ್ರ ಕಿರಣರೂಪದಲ್ಲಿ ನೌಕೆಗೆ ಕಳುಹಿಸಬಾರದೇಕೆ ಎಂಬ ವಿಚಾರವು ಈ ತೊಡಕಿಗೆ ಒಂದು ಸಮಾಧಾನ.

ಬೆಳಕಿಗೆ ತೂಕವಿಲ್ಲ, ಆದರೂ ಒತ್ತಡವುಂಟು. ಮ್ಯಾಕ್ಸ್‌ವೆಲ್ ಸಿದ್ಧಾಂತದಿಂದ ಕಂಡುಕೊಂಡ ಈ ಸತ್ಯವನ್ನು ರಷ್ಯಾದ ಲೆಬೆದೆವ್ ಪ್ರಯೋಗದಿಂದ ದೃಢಪಡಿಸಿದನು. 2010ರಲ್ಲಿ ಜಪಾನಿನ ಇಕಾರೋಸ್ ನೌಕೆಯು ಹಾಯಿಯನ್ನು ಬಿಚ್ಚಿ, ಬಿಸಿಲಿನ ನೂಕಿನಿಂದಲೇ ಅಂತರಿಕ್ಷದಲ್ಲಿ ವೇಗವನ್ನು ಪಡೆಯಿತು. ಬಿಸಿಲಿಗೆ ಬದಲಾಗಿ ಲೇಸರ್ ಕಿರಣವನ್ನು ಹಾಯಿಗೆ ಹಾಯಿಸಬಹುದೆಂದು ಅಮೆರಿಕದ ರಾಬರ್ಟ್ ಫಾರ್ವರ್ಡ್ 1960ರ ದಶಕದಲ್ಲಿಯೇ ಸೂಚಿಸಿದ್ದನು. ಆದರೆ ಈ ನೂಕು ಅತ್ಯಲ್ಪ. 100 ಕೋಟಿ ವಾಟ್ ಬೆಳಕು ಕನ್ನಡಿಯಂತಹ ಹಾಯಿಗೆ ತಾಗಿ ಪೂರ್ಣವಾಗಿ ಮರಳಿದರೂ, ಉಂಟಾಗುವ ಬಲವು ಮುಕ್ಕಾಲು ಕಿಲೋಗ್ರಾಂ ತೂಕಕ್ಕಿಂತ ಕಡಿಮೆ. ಆದಕಾರಣ 2016ರಲ್ಲಿ ಪ್ರಕಟವಾದ ಸ್ಟಾರ್‌ಶಾಟ್ ಯೋಜನೆಯು ಕೆಲವೇ ಗ್ರಾಂ ತೂಗುವ ನೌಕೆಯನ್ನು ಕಲ್ಪಿಸಿತು. ಬೆಳಕಿನ ವೇಗದ ಐದನೆಯ ಒಂದು ಪಾಲು ವೇಗವನ್ನು ಅದಕ್ಕೆ ದೊರಕಿಸಿದರೆ, ನಾಲ್ಕು ಜ್ಯೋತಿರ್ವರ್ಷಗಳಿಗೂ ಆಚೆಯ ಆಲ್ಫಾ ಸೆಂಟಾರಿಯನ್ನು ಅದು ಇಪ್ಪತ್ತು ವರ್ಷಗಳ ಆಸುಪಾಸಿನಲ್ಲಿ ಸೇರಬಲ್ಲದೆಂಬುದು ಲೆಕ್ಕ.

ಹೀಗೆ ನೌಕೆಯತ್ತ ಹೋಗುವ ಕಿರಣವನ್ನೇ ಭೂಮಿಯತ್ತ ತಿರುಗಿಸಿದರೆ ಮತ್ತೊಂದು ಪ್ರಯೋಜನ ಕಾಣುತ್ತದೆ. ವಾಯುಮಂಡಲದ ಆಚೆ, ಸೂರ್ಯನಿಗೆ ಅಭಿಮುಖವಾದ ಪ್ರತಿ ಚದರ ಮೀಟರಿಗೆ ಸುಮಾರು 1,361 ವಾಟ್ ಬಿಸಿಲು ದೊರೆಯುತ್ತದೆ. ಅಲ್ಲಿ ಮೋಡದ ಮರೆಯಿಲ್ಲ. 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಕಕ್ಷೆಯಲ್ಲಿ ಕತ್ತಲೆಯೂ ಅಪರೂಪ. ಅಲ್ಲಿ ವಿದ್ಯುತ್ತನ್ನು ಉತ್ಪಾದಿಸಿ, ಮೈಕ್ರೋವೇವ್ ತರಂಗಗಳಾಗಿಸಿ ನೆಲಕ್ಕಿಳಿಸಬಹುದೆಂದು ಪೀಟರ್ ಗ್ಲೇಸರ್ 1968ರಲ್ಲಿ ಪ್ರತಿಪಾದಿಸಿದನು. 1975ರಲ್ಲಿ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲಿ ವಿಲಿಯಂ ಬ್ರೌನ್ ಮತ್ತು ಸಂಗಡಿಗರು ಸುಮಾರು ಒಂದೂವರೆ ಕಿಲೋಮೀಟರ್ ದೂರಕ್ಕೆ 30 ಕಿಲೋವಾಟಿಗೂ ಹೆಚ್ಚಿನ ಶಕ್ತಿಯನ್ನು ತಂತಿಯಿಲ್ಲದೆ ತಲುಪಿಸಿ ತೋರಿಸಿದರು.

ಇಷ್ಟಾದರೂ ಕಾರ್ಯ ಕೈಗೂಡದಿರಲು ಕಾರಣವೇನು? ಕಿರಣದ ಸ್ವಭಾವವೇ ಮುಖ್ಯ ಕಾರಣ. ಎಷ್ಟು ನೆಟ್ಟಗೆ ಕಳುಹಿಸಿದರೂ ಅದು ದೂರ ಹೋದಂತೆ ಹರಡುತ್ತದೆ. ತರಂಗವು ಉದ್ದವಾದಷ್ಟೂ, ಕಳುಹಿಸುವ ಆಂಟೆನಾ ಚಿಕ್ಕದಾದಷ್ಟೂ ಹರಡುವಿಕೆ ಹೆಚ್ಚು. ಭೂಸ್ಥಿರ ಕಕ್ಷೆಯಲ್ಲಿ ಒಂದು ಕಿಲೋಮೀಟರ್ ಅಗಲದ ಆಂಟೆನಾ ನಿಲ್ಲಿಸಿ 12 ಸೆಂಟಿಮೀಟರ್ ತರಂಗವನ್ನು ಕಳುಹಿಸಿದರೆ, ನೆಲದ ಮೇಲೆ ಸುಮಾರು ಹತ್ತು ಕಿಲೋಮೀಟರ್ ಅಗಲದ ಗ್ರಾಹಕಕ್ಷೇತ್ರ ಬೇಕಾಗುತ್ತದೆ. ಲೇಸರಿನ ತರಂಗ ಅತಿ ಕಿರಿದಾದುದರಿಂದ ಅದು ಹರಡುವುದು ಕಡಿಮೆ. ಆದರೆ ಮೋಡವು ಅದನ್ನು ತಡೆಯುತ್ತದೆ.

2023ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ಪ್ರಯೋಗೋಪಕರಣವೊಂದು ಕಕ್ಷೆಯಲ್ಲಿ ತನ್ನೊಳಗೇ ಶಕ್ತಿಯನ್ನು ರವಾನಿಸಿ ಪುಟ್ಟ ದೀಪಗಳನ್ನು ಬೆಳಗಿಸಿತು. ಅದರ ಕಿರಣದ ಕಿಂಚಿದಂಶವು ಭೂಮಿಯಲ್ಲಿಯೂ ಗ್ರಹಿಸಲ್ಪಟ್ಟಿತು. ತತ್ತ್ವದಲ್ಲಿ ಸಂಶಯವಿಲ್ಲವೆಂಬುದು ಇದರಿಂದ ಸ್ಪಷ್ಟ. ಉಳಿದಿರುವುದು ಗಾತ್ರ ಮತ್ತು ವೆಚ್ಚಗಳ ಪ್ರಶ್ನೆ. ಪಯಣಿಗನ ಬೆನ್ನಿನಿಂದ ಇಳಿದ ಹೊರೆಯು ಮಾಯವಾಗುವುದಿಲ್ಲ, ಕಿರಣವನ್ನು ಕಳುಹಿಸುವವರ ಹೆಗಲಿಗೆ ಏರುತ್ತದೆ. ಆ ಹೆಗಲು ಎಷ್ಟು ವಿಶಾಲವಾಗಬಲ್ಲುದೆಂಬುದನ್ನು ಅವಲಂಬಿಸಿಯೇ ಈ ವಿದ್ಯೆಯ ಭವಿಷ್ಯ ನಿಂತಿದೆ.